ಆಸ್ಟ್ರೇಲಿಯದ ಕೈದಿ ಪೂರ್ವಜರು: ಪರಸ್ಪರ ವಿರುದ್ಧವಾದ ದಾಖಲೆಗಳ ಸಮನ್ವಯ

ದಾಖಲೆ ದೊರೆತರೆ ಸತ್ಯವೂ ದೊರೆತಂತೆಯೇ ಎಂಬ ನಂಬಿಕೆ ಇತಿಹಾಸದ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾದುದು. ಎರಡು ದಾಖಲೆಗಳು ಒಂದಕ್ಕೊಂದು ವಿರುದ್ಧವಾಗಿ ನುಡಿದಾಗ ಮಾಡಬೇಕಾದುದೇನು? ಆಸ್ಟ್ರೇಲಿಯದ ಕೈದಿಗಳ ವಂಶಶೋಧನೆಯಿಂದ ಒಂದು ನಿದರ್ಶನವನ್ನೆತ್ತಿಕೊಂಡು ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ.

1788ರಿಂದ 1868ರವರೆಗೆ ಬ್ರಿಟಿಷ್ ಸರಕಾರವು ಸುಮಾರು 1,62,000 ಅಪರಾಧಿಗಳನ್ನು ಹಡಗುಗಳಲ್ಲಿ ಆಸ್ಟ್ರೇಲಿಯಕ್ಕೆ ಸಾಗಿಸಿತು. ನಮ್ಮಲ್ಲಿ ಕರಿನೀರೆಂದು ಹೆಸರಾದ ಶಿಕ್ಷೆಯ ಜಾತಿಗೇ ಇದೂ ಸೇರಿದುದು. ನ್ಯಾಯಾಲಯದ ಕಡತ, ಹಡಗಿನ ಕೈದಿಪಟ್ಟಿ, ಖಾನೇಷುಮಾರಿ, ಕ್ಷಮಾಪತ್ರ, ಬಿಡುಗಡೆಪತ್ರ, ಚರ್ಚಿನ ವಿವಾಹಪುಸ್ತಕ ಮೊದಲಾಗಿ ಇವರನ್ನು ಕುರಿತ ಬರಹಗಳು ವಿಪುಲವಾಗಿವೆ. ಆದರೆ ಇವುಗಳಲ್ಲಿ ಒಂದೂ ವಂಶಾವಳಿಯನ್ನು ಬರೆಯುವವರಿಗಾಗಿ ಹುಟ್ಟಿದುದಲ್ಲ.

ಮೇರಿ ರೈಬಿಯೆಂಬಾಕೆಯ ಉದಾಹರಣೆಯನ್ನು ನೋಡೋಣ. 1791ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡಿನಲ್ಲಿ ಕುದುರೆ ಕದ್ದ ಅಪರಾಧಕ್ಕಾಗಿ ಏಳು ವರ್ಷಗಳ ಗಡೀಪಾರು ಶಿಕ್ಷೆಗೆ ಗುರಿಯಾದವನ ಹೆಸರು ಜೇಮ್ಸ್ ಬರೋ. ಹುಡುಗನ ವೇಷದಲ್ಲಿದ್ದ ಆ ‘ಜೇಮ್ಸ್’ 1777ರಲ್ಲಿ ಜನಿಸಿದ ಮೇರಿ ಹೇಡಾಕ್ ಎಂಬ ಬಾಲಕಿಯೆಂದು ಆಮೇಲೆ ತಿಳಿದುಬಂದಿತು. ಈಕೆ 1792ರಲ್ಲಿ ‘ರಾಯಲ್ ಅಡ್ಮಿರಲ್’ ಹಡಗಿನಲ್ಲಿ ಸಿಡ್ನಿಗೆ ಬಂದಳು. 1794ರಲ್ಲಿ ಥಾಮಸ್ ರೈಬಿಯನ್ನು ಮದುವೆಯಾದಳು. ಆದರೆ 1828ರ ಖಾನೇಷುಮಾರಿಯಲ್ಲಿ ಈಕೆ 1821ರಲ್ಲಿ ಸ್ವತಂತ್ರಳಾಗಿ ಬಂದವಳೆಂದು ನಮೂದಾಗಿದೆ! ಇದೊಂದನ್ನೇ ಕಂಡ ವಂಶಜರು ತಮ್ಮ ಮನೆತನದಲ್ಲಿ ಕೈದಿಯೇ ಇರಲಿಲ್ಲವೆಂದು ತಿಳಿಯುವರು. ನ್ಯಾಯಾಲಯದ ಹೆಸರನ್ನೇ ನಂಬಿದವರು ಇಲ್ಲದ ಹುಡುಗನೊಬ್ಬನನ್ನು ಅರಸುವರು.

ಇಲ್ಲಿ ಯಾವ ಕಾಗದ ನಿಜ, ಯಾವುದು ಸುಳ್ಳು ಎಂದು ಕೇಳುವುದು ಸರಿಯಲ್ಲ. ಪ್ರತಿಯೊಂದು ಮಾತನ್ನೂ ಯಾರು, ಯಾವಾಗ, ಯಾವ ಉದ್ದೇಶದಿಂದ ಹೇಳಿದರೆಂದು ಕೇಳಬೇಕು. ವಿಚಾರಣೆಯ ಸ್ಥಳ, ವರ್ಷ, ಶಿಕ್ಷೆಯ ಅವಧಿ ಇವು ನ್ಯಾಯಾಲಯವು ತಾನೇ ಬಲ್ಲ ಸಂಗತಿಗಳು. ಹೆಸರಾದರೋ ಆರೋಪಿಯ ಬಾಯಿಂದ ಬಂದುದು. ಒಂದೇ ಕಡತದಲ್ಲಿ ನಂಬತಕ್ಕ ಅಂಶವೂ ನಂಬಲಾಗದ ಅಂಶವೂ ಕೂಡಿರಬಹುದೆಂಬುದು ಇದರಿಂದ ಸ್ಪಷ್ಟ. ಖಾನೇಷುಮಾರಿಯ ಮಾತೂ ನಿರಾಧಾರವಲ್ಲ. 1820ರಲ್ಲಿ ಮೇರಿ ತನ್ನ ಇಬ್ಬರು ಹೆಣ್ಣುಮಕ್ಕಳೊಡನೆ ಇಂಗ್ಲೆಂಡಿಗೆ ಹೋಗಿ ಮರುವರ್ಷ ಹಿಂದಿರುಗಿದ್ದಳು. ಎರಡನೆಯ ಪ್ರಯಾಣವನ್ನು ಹೇಳಿ ಮೊದಲನೆಯದನ್ನು ಮರೆಮಾಡಿದುದೇ ಈ ವಿರೋಧಕ್ಕೆ ಕಾರಣ. ಆ ವೇಳೆಗಾಗಲೇ ಸಿಡ್ನಿಯ ಶ್ರೀಮಂತ ವರ್ತಕರಲ್ಲಿ ಒಬ್ಬಳಾಗಿದ್ದ ಆಕೆ ಹಳೆಯ ಕಳಂಕವನ್ನು ಮುಚ್ಚಬಯಸಿದ್ದರೆ ಆಶ್ಚರ್ಯವಿಲ್ಲ.

ಇದರಿಂದ ಕೆಲವು ನಿಯಮಗಳು ಫಲಿಸುತ್ತವೆ. ಹೆಸರೊಂದರಿಂದಲೇ ವ್ಯಕ್ತಿಯನ್ನು ಗುರುತಿಸಬಾರದು. ವಿಚಾರಣೆಯ ಸ್ಥಳ, ದಿನಾಂಕ, ಶಿಕ್ಷೆ, ಹಡಗು ಈ ನಾಲ್ಕೂ ಹೊಂದಿಕೊಳ್ಳಬೇಕು. ಬಿಡುಗಡೆಪತ್ರದಲ್ಲಿ ಮೈಬಣ್ಣ, ಎತ್ತರಗಳ ವರ್ಣನೆಯಿದ್ದರೆ ಅದನ್ನೂ ಹೋಲಿಸಬೇಕು. ಒಂದೇ ಮೂಲದಿಂದ ನಕಲಾದ ಹತ್ತು ಬರಹಗಳನ್ನು ಒಂದೇ ಸಾಕ್ಷ್ಯವೆಂದು ಎಣಿಸಬೇಕು. ಘಟನೆಗೆ ಸಮೀಪವಾದ ಬರಹಕ್ಕೆ, ದಶಕಗಳ ಬಳಿಕ ಮಕ್ಕಳು ಹೇಳಿದ ಮಾತಿಗಿಂತ ಸಾಮಾನ್ಯವಾಗಿ ಹೆಚ್ಚಿನ ಬೆಲೆಯುಂಟು. ದಾಖಲೆಯ ಅಭಾವವನ್ನು ಘಟನೆಯ ಅಭಾವವೆಂದು ಬಗೆಯಲಾಗದು: 1882ರಲ್ಲಿ ಸಿಡ್ನಿಯ ಗಾರ್ಡನ್ ಪ್ಯಾಲೆಸ್ ಬೆಂಕಿಗೆ ಆಹುತಿಯಾದಾಗ 1881ರ ಖಾನೇಷುಮಾರಿಯ ಕಾಗದಗಳೂ ಸುಟ್ಟುಹೋದುವು. ಇಷ್ಟೆಲ್ಲ ಮಾಡಿಯೂ ವಿರೋಧವು ಉಳಿದರೆ ಎರಡು ಪಾಠಗಳನ್ನೂ ಕೊಟ್ಟು, ನಿರ್ಣಯವನ್ನು ತಡೆಹಿಡಿಯುವುದೇ ಪ್ರಾಮಾಣಿಕತೆ.

ಸುಳ್ಳೆಂದು ತಿಳಿದ ನಮೂದನ್ನು ಹೊಡೆದುಹಾಕುವ ಆತುರವೂ ಸಲ್ಲದು. 1821ರ ಆ ಮಾತು ಮೇರಿ ಯಾವಾಗ ಮೊದಲು ಬಂದಳೆಂಬುದನ್ನು ತಿಳಿಸದು. ಆದರೆ ಮೂವತ್ತಾರು ವರ್ಷ ಆ ನೆಲದಲ್ಲಿ ದುಡಿದು ಬಾಳಿದವಳೂ ಏನನ್ನು ಅಂಜುತ್ತಿದ್ದಳೆಂಬುದನ್ನು ತಿಳಿಸುತ್ತದೆ. 1994ರಲ್ಲಿ ಆಕೆಯ ಭಾವಚಿತ್ರವು ಆಸ್ಟ್ರೇಲಿಯದ ಇಪ್ಪತ್ತು ಡಾಲರಿನ ನೋಟನ್ನು ಸೇರಿತು. ಮರೆಮಾಡಿದ ಮಾತೂ ಬಹಿರಂಗವಾದ ಗೌರವವೂ ಒಂದೇ ಬಾಳಿಗೆ ಸೇರಿದುವು. ಎರಡನ್ನೂ ಉಳಿಸಿಕೊಂಡಾಗಲೇ ವಂಶಾವಳಿಯು ಇತಿಹಾಸವೆನಿಸುತ್ತದೆ.