ಟುಲಿಪ್ ಗೋಪುರ: ಒಪ್ಪಿಗೆಯಿಂದ ನಿರಾಕರಣೆಗೆ

ಕಾಂಡದಂತಹ ಕಾಂಕ್ರೀಟ್ ಕಂಬದ ತುದಿಗೆ ಗಾಜಿನ ಮೊಗ್ಗನ್ನಿಟ್ಟು, ಅದರ ಹೊರಮೈಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತುವ ಗಾಜಿನ ಗೂಡುಗಳನ್ನು ಜೋಡಿಸಬೇಕೆಂದಿದ್ದ 305 ಮೀಟರ್ ಎತ್ತರದ ‘ಟುಲಿಪ್’ ಯೋಜನೆಗೆ ಲಂಡನ್ ಮಹಾನಗರದೊಳಗಿನ ‘ಸಿಟಿ ಆಫ್ ಲಂಡನ್’ ಪ್ರದೇಶದ ಸ್ಥಳೀಯ ಆಡಳಿತವು 2019ರ ಏಪ್ರಿಲ್‌ನಲ್ಲಿ ಒಪ್ಪಿಗೆ ನೀಡಿತಾದರೂ, ಆ ಪ್ರದೇಶದಲ್ಲಿ 150 ಮೀಟರ್ ಮೀರಿದ ಕಟ್ಟಡಗಳ ಅರ್ಜಿಯನ್ನು ಇಡೀ ಲಂಡನ್‌ನ ಮೇಯರ್ ಕೂಡ ಪರಿಶೀಲಿಸಬೇಕೆಂಬ ನಿಯಮವಿದ್ದುದರಿಂದ, ಜುಲೈನಲ್ಲಿ ಮೇಯರ್ ಸಾದಿಕ್ ಖಾನ್ ಅದನ್ನು ತಿರಸ್ಕರಿಸುವಂತೆ ನಿರ್ದೇಶಿಸಿದರು. ಮೇಲ್ಮನವಿಯ ನಂತರ ‘ಸಾರ್ವಜನಿಕ ವಿಚಾರಣೆ’, ಅಂದರೆ ಸರ್ಕಾರಿ ಪರಿವೀಕ್ಷಕರ ಎದುರು ಎರಡೂ ಕಡೆಯ ತಜ್ಞರು ಪಾಟೀಸವಾಲಿಗೆ ಒಳಗಾಗುವ ಬಹುತೇಕ ನ್ಯಾಯಾಲಯದಂತಹದೇ ಕಲಾಪ, ನಡೆಯಿತು. 2021ರ ನವೆಂಬರ್‌ನಲ್ಲಿ ಸರ್ಕಾರವೂ ಅನುಮತಿ ನಿರಾಕರಿಸಿತು: ವಿಶ್ವ ಪರಂಪರೆಯ ತಾಣವಾದ ‘ಟವರ್ ಆಫ್ ಲಂಡನ್’ ಕೋಟೆಯ ಹಿನ್ನೆಲೆಗೆ ಆಗುವ ಧಕ್ಕೆಯ ಜೊತೆಗೆ, ‘ಅಂತರ್ಗತ ಇಂಗಾಲ’, ಅಂದರೆ ಕಟ್ಟಡ ಬಳಕೆಗೆ ಬರುವ ಮುನ್ನವೇ ಅದರ ಸಿಮೆಂಟು, ಉಕ್ಕುಗಳ ತಯಾರಿಕೆಯಲ್ಲಿ ಹೊರಬಿದ್ದಿರುವ ಇಂಗಾಲವೂ, ಆ ಆದೇಶದಲ್ಲಿ ತೂಕ ಪಡೆದಿತ್ತು.