ದುಬಾರಿ ಪೆಟ್ರೋಲ್ ಹಾಕಿಸಿದರೆ ದಿಂಬಂ ಘಾಟ್ ಸಲೀಸೆ?

ಗುಮಟಾಪುರ: ದೀಪಾವಳಿಯ ಬೆನ್ನಿಗೇ ಬರುವ ನಮ್ಮ ಗೊರೆ ಹಬ್ಬಕ್ಕೆ ಸುತ್ತಲ ಊರುಗಳಿಂದ ಕಾರುಗಳು ಬರುತ್ತವೆ. ಸಗಣಿ ಎರಚಾಟ ಮುಗಿದು ಸ್ನಾನವಾದ ಮೇಲೆ ಗಂಡಸರ ಮಾತು ಮೈಲೇಜಿನತ್ತ ಹೊರಳುವುದು ಮಾಮೂಲು. ದಿಂಬಂ ಘಾಟಿಯ 27 ತಿರುವು ಹತ್ತಬೇಕಲ್ಲ, ಅದಕ್ಕೇ ದುಬಾರಿ ಪೆಟ್ರೋಲ್ ಹಾಕಿಸಿದೆ ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಆ ಹೆಚ್ಚುವರಿ ದುಡ್ಡಿಗೆ ಸಿಗುವುದಾದರೂ ಏನು?

ಆಕ್ಟೇನ್ ಎಂದರೆ ಪೆಟ್ರೋಲಿನ ಶಕ್ತಿಯಲ್ಲ, ತಾಳ್ಮೆ. ಇಂಜಿನ್ನಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ಒತ್ತಿದಷ್ಟೂ ಬಿಸಿ. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಕ್ರಮವಾಗಿ ಉರಿಯಬೇಕಾದ ಮಿಶ್ರಣದ ಒಂದು ಭಾಗ ತಾನಾಗಿಯೇ ಹೊತ್ತಿಕೊಂಡರೆ ಕಟಕಟ ಸದ್ದು ಬರುತ್ತದೆ. ಇದೇ ನಾಕಿಂಗ್. ಅದನ್ನು ತಡೆದುಕೊಳ್ಳುವ ಗುಣದ ಅಳತೆಯೇ ಆಕ್ಟೇನ್ ಸಂಖ್ಯೆ. ಹೆಚ್ಚು ಒತ್ತುವ ಇಂಜಿನ್ನಿಗೆ, ಕೆಲವು ಟರ್ಬೊ ಕಾರುಗಳಿಗೆ, ಹೆಚ್ಚು ಆಕ್ಟೇನ್ ಬೇಕು. ಸಾಧಾರಣ ಕಾರಿಗೆ ಹಾಕಿದರೆ ನಷ್ಟವಿಲ್ಲ, ಹೇಳಿಕೊಳ್ಳುವಂಥ ಲಾಭವೂ ಇಲ್ಲ. ಡೀಸೆಲ್ ಜೀಪಿನವರಿಗೆ ಈ ಲೆಕ್ಕವೇ ಬೇಡ. ಅಲ್ಲಿನ ಅಳತೆ ಸೀಟೇನ್.

ನಮ್ಮ ದೇಶದ ಸಾಧಾರಣ ಪೆಟ್ರೋಲ್ ಹಿಂದೆ 88 ಆಕ್ಟೇನಿನದು. ಆಮೇಲೆ 91 ಆಯಿತು. ಶೇ. 20ರಷ್ಟು ಎಥನಾಲ್ ಬೆರೆತ ಇ20 ಬಂದ ಮೇಲೆ 95ಕ್ಕೆ ಏರಿದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಹೇಳಿತು. 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ 100 ಆಕ್ಟೇನಿನ ಪೆಟ್ರೋಲನ್ನು ಲೀಟರಿಗೆ ಸುಮಾರು 160 ರೂಪಾಯಿಗೆ ಮಾರುಕಟ್ಟೆಗೆ ತಂದಾಗ ಅದು ಬೆಲೆಬಾಳುವ ಕಾರು, ಬೈಕುಗಳಿಗೆಂದೇ ಬಂದದ್ದು.

ಇಲ್ಲೊಂದು ತಮಾಷೆ ನೋಡಿ. ಎಥನಾಲ್ ಬೆರೆತು ಆಕ್ಟೇನ್ ಏರಿತು, ಹಳೆಯ ಕಾರುಗಳ ಮೈಲೇಜ್ ಮಾತ್ರ ಇಳಿಯಿತು. ಎಥನಾಲ್ ನಾಕಿಂಗ್ ತಡೆಯುವುದರಲ್ಲಿ ಗಟ್ಟಿ, ಆದರೆ ಲೀಟರ್ ಲೆಕ್ಕದಲ್ಲಿ ಅದರ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಇ20ಕ್ಕೆ ತಯಾರಾಗದ ಹಳೆಯ ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಇಳಿಕೆಯಾಗಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಅಂದರೆ 15 ಕಿ.ಮೀ. ಕೊಡುತ್ತಿದ್ದ ಕಾರು 14ರ ಆಸುಪಾಸಿಗೆ ಬರಬಹುದು. ಆಕ್ಟೇನ್ ಬೇರೆ, ಮೈಲೇಜ್ ಬೇರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಾದರೆ ಮಾಡಬೇಕಾದ್ದೇನು? ಮೊದಲು ಕಾರಿನ ಕೈಪಿಡಿ ತೆರೆಯಿರಿ, ಇಲ್ಲವೇ ಟ್ಯಾಂಕ್ ಮುಚ್ಚಳದ ಒಳಬದಿ ನೋಡಿ. ಅಲ್ಲಿ ಹೇಳಿರುವ ಆಕ್ಟೇನ್ ಸಾಕು. ಬಣ್ಣಾರಿಯಿಂದ ಮೇಲೆ ಬರುವಾಗ ಕಟಕಟ ಸದ್ದು ಬಂದರೆ ಒಂದು ಗೇರ್ ಇಳಿಸಿ. ಮೇಲಿನ ಗೇರಿನಲ್ಲೇ ಎಕ್ಸಿಲರೇಟರ್ ತುಳಿಯುವುದೇ ಎಷ್ಟೋ ಸಲ ಕಾರಣ. ಆದರೂ ನಿಲ್ಲದಿದ್ದರೆ ಪ್ಲಗ್, ಟೈಮಿಂಗ್, ಇಂಗಾಲದ ಕಟ್ಟು ಪರೀಕ್ಷಿಸಲು ಮೆಕ್ಯಾನಿಕ್ಕಿಗೆ ಹೇಳಿ. ಹಳೆಯ ಕಾರಾದರೆ ರಬ್ಬರ್ ಪೈಪುಗಳನ್ನೂ ನೋಡಿಸಿ. ಎಥನಾಲ್ ಅವನ್ನು ಬೇಗ ಸವೆಸಬಹುದು.

ಮೈಲೇಜ್ ಅಳೆಯುವಾಗ ಘಾಟಿ ಇಳಿದದ್ದನ್ನಷ್ಟೇ ಲೆಕ್ಕ ಹಿಡಿಯಬೇಡಿ, ಹತ್ತಿದ್ದನ್ನೂ ಸೇರಿಸಿ. ಟ್ಯಾಂಕ್ ತುಂಬಿಸಿ, ಕಿಲೋಮೀಟರ್ ಬರೆದಿಟ್ಟು, ಮೂರು ಬಾರಿ ಹೀಗೆ ಮಾಡಿದರೆ ನಿಜ ತಿಳಿಯುತ್ತದೆ. ರಾತ್ರಿ ಹೊತ್ತು ರೋಗಿಯನ್ನು ಕೂರಿಸಿಕೊಂಡು ಚಾಮರಾಜನಗರಕ್ಕೆ ಓಡಬೇಕಾಗುವ ನಮ್ಮಂಥ ಊರುಗಳಲ್ಲಿ, ದುಬಾರಿ ಪೆಟ್ರೋಲಿಗೆ ಸುರಿಯುವ ಹಣ ಟೈರಿಗೂ ಬ್ರೇಕಿಗೂ ಹೋದರೆ ಹೆಚ್ಚು ಉಪಯೋಗ.