ಶಿರೋಧಮನಿಯ ಅನ್ಯೂರಿಸಮ್

ಧಮನಿಯ ಭಿತ್ತಿಯು ಒಂದೆಡೆ ದುರ್ಬಲವಾಗಿ, ರಕ್ತದ ಒತ್ತಡಕ್ಕೆ ಸಿಲುಕಿ ಬುಗ್ಗೆಯಂತೆ ಉಬ್ಬುವುದನ್ನು ಪಾಶ್ಚಾತ್ಯ ವೈದ್ಯರು ಅನ್ಯೂರಿಸಮ್ ಎಂದು ಕರೆಯುತ್ತಾರೆ. ಹಿಗ್ಗುವಿಕೆ ಎಂಬರ್ಥದ ಗ್ರೀಕ್ ಶಬ್ದವು ಇದಕ್ಕೆ ಮೂಲವು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಉಕ್ತವಾದ ಸಿರಾಜಗ್ರಂಥಿಯೇ ಇದೆಂದು ಕೆಲವರು ಸಮೀಕರಿಸುವುದುಂಟು. ದುರ್ಬಲನಾದವನು ಅತಿಶ್ರಮಪಟ್ಟಾಗ ವಾಯುವು ಸಿರೆಗಳನ್ನು ಪೀಡಿಸಿ ದುಂಡಾದ ಗ್ರಂಥಿಯನ್ನುಂಟುಮಾಡುವುದೆಂದೂ, ಅದು ದೊಡ್ಡದಾಗಿ ಮರ್ಮಸ್ಥಾನದಲ್ಲಿದ್ದರೆ ಅಸಾಧ್ಯವೆಂದೂ ಅಲ್ಲಿನ ಅಭಿಪ್ರಾಯ. ಆದರೆ ಆ ಲಕ್ಷಣವು ಕಣ್ಣಿಗೆ ಕಾಣುವ, ಕೈಗೆ ತಾಗುವ ಗಂಟಿನದು, ತಲೆಯೋಡಿನೊಳಗೆ ಅಡಗಿರುವುದರದಲ್ಲ. ಸಮೀಕರಣವು ಅತಿವ್ಯಾಪ್ತವೇ ಸರಿ. ಆದರೂ ಗಾತ್ರವೆಷ್ಟು, ಸ್ಥಾನವಾವುದು ಎಂಬ ಆ ಎರಡು ಪ್ರಶ್ನೆಗಳನ್ನೇ ಇಂದಿನ ವೈದ್ಯರೂ ಮೊದಲು ಕೇಳುತ್ತಾರೆಂಬುದು ಗಮನಾರ್ಹವು.

ಮೆದುಳಿನ ಧಮನಿಯಲ್ಲಿನ ಉಬ್ಬು ಒಡೆದರೆ ಸಿಡಿಲೆರಗಿದಂತೆ ತಲೆನೋವು ಬಂದು ಅನೇಕರು ಮರಣ ಹೊಂದುವರು. ಆದರೆ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಇಂಥ ಉಬ್ಬು ಇರುವುದಾಗಿಯೂ, ಬಹುಪಾಲು ಎಂದಿಗೂ ಒಡೆಯುವುದಿಲ್ಲವೆಂದೂ ತಿಳಿದುಬಂದಿದೆ. ಶಸ್ತ್ರಚಿಕಿತ್ಸೆಯಾದರೋ ತಾನೇ ಅಪಾಯರಹಿತವಲ್ಲ. ಆದುದರಿಂದ ಒಡೆಯದ ಉಬ್ಬನ್ನು ಮುಟ್ಟಬೇಕೆ, ಬಿಡಬೇಕೆ ಎಂಬುದೇ ಈ ರೋಗದ ಮುಖ್ಯ ಧರ್ಮಸಂಕಟವು.

೨೦೦೩ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪರಿಶೋಧನೆಯು ೪೦೬೦ ರೋಗಿಗಳನ್ನು ಅನುಸರಿಸಿತು. ಹಿಂದೆ ರಕ್ತಸ್ರಾವವಾಗದವರಲ್ಲಿ, ಮುಂಭಾಗದ ಧಮನಿಗಳಲ್ಲಿ ೭ ಮಿಲಿಮೀಟರಿಗೆ ಕಡಿಮೆಯಾದ ಉಬ್ಬುಗಳು ಐದು ವರ್ಷಗಳಲ್ಲಿ ಒಂದೂ ಒಡೆಯಲಿಲ್ಲ. ೨೫ ಮಿಲಿಮೀಟರ್ ಮುಟ್ಟಿದವುಗಳಲ್ಲಿ ನೂರಕ್ಕೆ ೪೦ ಒಡೆದುವು. ಹಿಂಭಾಗದವುಗಳಲ್ಲಿ ಪ್ರತಿ ಗಾತ್ರಕ್ಕೂ ಅಪಾಯವು ಹೆಚ್ಚು. ಈ ಸೊನ್ನೆಯನ್ನು ಮಾತ್ರ ಜಾಗರೂಕತೆಯಿಂದ ಓದತಕ್ಕದ್ದು. ಏಕೆಂದರೆ ಅಪಾಯಕರವೆಂದು ತೋರಿದವರನ್ನು ವೈದ್ಯರು ಮೊದಲೇ ಚಿಕಿತ್ಸೆಗೆ ಆರಿಸಿಕೊಂಡಿದ್ದಿರಬಹುದು. ಒಡೆದು ಆಸ್ಪತ್ರೆಗೆ ಬರುವ ಉಬ್ಬುಗಳಲ್ಲಿ ಸಣ್ಣವೂ ಬಹಳವಿರುತ್ತವೆ. ಜಪಾನಿನಲ್ಲಿ ೬೬೯೭ ಉಬ್ಬುಗಳನ್ನು ಪರಿಶೀಲಿಸಿ ೨೦೧೨ರಲ್ಲಿ ಪ್ರಕಟಿಸಿದ ಲೆಕ್ಕದಂತೆ ವರ್ಷಕ್ಕೆ ನೂರಕ್ಕೆ ೦.೯೫ರಷ್ಟು ಒಡೆದುವು. ಧೂಮಪಾನ, ರಕ್ತದೊತ್ತಡ, ಕುಟುಂಬದ ಪೂರ್ವವೃತ್ತಾಂತ ಇವು ಪ್ರಸಿದ್ಧ ಹೇತುಗಳು. ಇವುಗಳಲ್ಲಿ ಮೊದಲನೆಯದನ್ನು ಬಿಡುವುದೊಂದು ಮಾತ್ರ ಪೂರ್ತಿಯಾಗಿ ರೋಗಿಯ ಕೈಯಲ್ಲಿದೆ.

ಅಮೆರಿಕದ ವಾಲ್ಟರ್ ಡ್ಯಾಂಡಿ ೧೯೩೭ರಲ್ಲಿ ಉಬ್ಬಿನ ಕುತ್ತಿಗೆಗೆ ಲೋಹದ ಚಿಮುಟವನ್ನು ಹಾಕಿದನು. ಇಟಲಿಯ ಗುಗ್ಲಿಯೆಲ್ಮಿಯು ೧೯೯೦ರ ಸುಮಾರಿಗೆ ತಲೆಯನ್ನು ತೆರೆಯದೆ, ಧಮನಿಯ ಮಾರ್ಗವಾಗಿಯೇ ಪ್ಲಾಟಿನಂ ಸುರುಳಿಗಳನ್ನು ಉಬ್ಬಿನೊಳಗೆ ತುಂಬುವ ಕ್ರಮವನ್ನು ತಂದನು. ಒಡೆದ ಉಬ್ಬುಗಳಲ್ಲಿ ಇವೆರಡನ್ನೂ ಹೋಲಿಸಿದ ೨೦೦೨ರ ಪರೀಕ್ಷೆಯಲ್ಲಿ, ಒಂದು ವರ್ಷದ ತರುವಾಯ ಮೃತರೋ ಪರಾವಲಂಬಿಗಳೋ ಆದವರು ಸುರುಳಿಯ ಪಕ್ಷದಲ್ಲಿ ನೂರಕ್ಕೆ ೨೩.೭, ಚಿಮುಟದ ಪಕ್ಷದಲ್ಲಿ ೩೦.೬. ಇದರಿಂದ ಸುರುಳಿಯೇ ಸರ್ವತ್ರ ಶ್ರೇಷ್ಠವೆಂದು ಸಾಧಿಸುವವರು, ಪರಿಶೀಲಿತರಾದ ೯೫೫೯ ಮಂದಿಯಲ್ಲಿ ೨೧೪೩ ಮಂದಿ ಮಾತ್ರ ಪರೀಕ್ಷೆಗೆ ಸೇರಿದರೆಂಬುದನ್ನು ಮರೆಯುತ್ತಾರೆ. ಎರಡು ಕ್ರಮಗಳೂ ಯುಕ್ತವೆಂದು ತೋರಿದವರಲ್ಲಿಯೇ ಈ ಹೋಲಿಕೆ ನಡೆಯಿತು. ಒಂದೇ ಕ್ರಮವು ಸಾಧ್ಯವಿದ್ದವರ ವಿಷಯದಲ್ಲಿ ಆ ಪರೀಕ್ಷೆಯು ಏನನ್ನೂ ನಿರ್ಣಯಿಸುವುದಿಲ್ಲ.